ಇಬ್ಬರೂ ಒಪ್ಪಿದ ಕಾಯಿ

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಅರಸೀಕೆರೆಗೆ ಬಂದಾಗ, ಪಕ್ಕದ ಮನೆಯ ಅಜ್ಜ ಅಜ್ಜಿಗೆ ಗಂಡಸಿ ಕಡೆ ತೆಂಗಿನ ತೋಟವಿತ್ತು. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯನ್ನು ಅಜ್ಜ ಕಿವಿಯ ಬಳಿ ಅಲ್ಲಾಡಿಸಿ ಅಜ್ಜಿಗೆ ಕೊಡುತ್ತಿದ್ದರು. ಒಳಗೆ ಕೊಬ್ಬರಿ ಲೊಡಲೊಡ ಅಂದರೆ ಅಜ್ಜಿ "ಆಗೈತೆ" ಅನ್ನುತ್ತಿದ್ದರು. ಇಲ್ಲವಾದರೆ, "ಇರ್ಲಿ ಬಿಡಿ, ಇನ್ನೂ ಮಲಗೈತೆ."

ಅಜ್ಜನ ಕಿವಿ ಮಂದವಾದ ಮೇಲೂ ಈ ಕ್ರಮ ತಪ್ಪಲಿಲ್ಲ. "ಕೇಳ್ಸದೇ ಇದ್ರೂ ಯಾಕಜ್ಜ ಅಲ್ಲಾಡಿಸ್ತೀರಿ?" ಎಂದು ಒಮ್ಮೆ ಕೂಗಿ ಕೇಳಿದೆ.

"ನನ್ ಕೈಗೆ ತಿಳೀತೈತೆ, ಅವಳ ಕಿವಿಗೆ ಕೇಳ್ತೈತೆ. ಇಬ್ರೂ ಒಪ್ಪಿದ್ರೇನೇ ಒಡೆಯೋದು ಕಣವ್ವ."

ಒಳಗೆ ಹಸಿ ಉಳಿದಿದೆಯೇ ಎಂದು ಎಲ್ಲರ ಕೊಬ್ಬರಿಯನ್ನೂ ಕೊಯ್ದು ನೋಡುವ ಮಂಡಿಯವರು ಇವರದಕ್ಕೆ ಕತ್ತಿ ಮುಟ್ಟಿಸುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ತಿಥಿಯ ಮಾರನೆಯ ದಿನ ಅಜ್ಜ ಒಂದು ಕಾಯಿ ಅಲ್ಲಾಡಿಸಿ, ರೂಢಿಯಂತೆ ಪಕ್ಕಕ್ಕೆ ಚಾಚಿದರು. ಕೈ ಹಾಗೇ ನಿಂತಿತು. "ಇರ್ಲಿ ಬಿಡಿ," ಎಂದು ಅದನ್ನು ಮತ್ತೆ ಅಟ್ಟದಲ್ಲೇ ಇಟ್ಟು ಬಂದರು. ಹದಿನೈದು ದಿನಕ್ಕೆ ಅವರೂ ಹೋದರು.

ಇಬ್ಬರೂ ಒಪ್ಪಿ ಒಡೆದಿದ್ದ ಕೊಬ್ಬರಿ ಒಂದು ಚೀಲ ಉಳಿದಿತ್ತು. ಅವರ ಮಗ ಅದನ್ನು ಮಂಡಿಗೆ ಒಯ್ದಾಗ ಹೊಸ ಗುಮಾಸ್ತ ಕತ್ತಿ ಎತ್ತಿದನಂತೆ. ಸಾಹುಕಾರರು ಅವನ ಕೈ ಹಿಡಿದರಂತೆ:

"ನೋಡೋರು ನೋಡವ್ರೆ ಕಣೋ. ತೂಗು."