ಟೈಲ್ಸ್ ಮೇಸ್ತ್ರಿಯ ಹೊಪಾಕ್

ಕಮಲಾಪುರದ ನಮ್ಮ ಲಾಡ್ಜಿಗೆ ಟೈಲ್ಸ್ ಹಾಕಲು ಬಂದಿದ್ದ ಮೇಸ್ತ್ರಿ ದಿನವಿಡೀ ಕುಕ್ಕರಗಾಲಿನಲ್ಲೇ ಇರುತ್ತಿದ್ದ. ಚಾ ಕುಡಿಯಲು ಕುರ್ಚಿ ಕೊಟ್ಟರೂ, "ಬ್ಯಾಡ್ರೀ, ಮೊಣಕಾಲಿಗೆ ಸೊಕ್ಕು ಬರ್ತೈತಿ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ, ನಮ್ಮಲ್ಲಿ ಇಳಿದುಕೊಂಡಿದ್ದ ಉಕ್ರೇನಿನ ಹೆಣ್ಣುಮಗಳು ತನ್ನ ತಮ್ಮನ ಹಳೆಯ ವಿಡಿಯೊ ತೋರಿಸಿದಳು. ಅವರ ಊರಿನ ಹೊಪಾಕ್ ಅದು. ಕುಕ್ಕರಿಸಿ ಒಂದೊಂದೇ ಕಾಲನ್ನು ಮುಂದಕ್ಕೆ ಚಿಮ್ಮುವ ಕುಣಿತ. ಆಮೇಲೆ ಯುದ್ಧದಲ್ಲಿ ಆ ತಮ್ಮನಿಗೆ ಒಂದು ಕಾಲು ಹೋಯಿತು ಎಂದಳು.

"ಕುಣಿಯೂದು ಇಷ್ಟೇ ಏನ್ರೀ?" ಎಂದ ಮೇಸ್ತ್ರಿ, ಲುಂಗಿ ಎತ್ತಿ ಕಟ್ಟಿ ಶುರು ಮಾಡಿಯೇಬಿಟ್ಟ. ಆಕೆ ಗಡಿಬಿಡಿಯಿಂದ ತಮ್ಮನಿಗೆ ವಿಡಿಯೊ ಕಾಲ್ ಮಾಡಿದಳು. ಆಸ್ಪತ್ರೆಯ ಹಾಸಿಗೆಯಿಂದಲೇ ಅವನು ಗದ್ದ ಮೇಲೆತ್ತು, ಇನ್ನೂ ಜೋರು ಎಂದು ಸನ್ನೆ ಮಾಡಿದ. ಅವನು ಬಾಯ್ತುಂಬ ನಗುವ ತನಕ ಮೇಸ್ತ್ರಿ ನಿಲ್ಲಿಸಲಿಲ್ಲ.

ಮರುದಿನ ಬಂದವನೇ ಕುರ್ಚಿ ಕೇಳಿದ.

"ಯಾಕ ಮೇಸ್ತ್ರಿ, ಏನಾತು?"

"ನಿನ್ನಿ ಆ ತಮ್ಮನ ಪಾಲಿಂದೂ ನಾನಾ ಕುಣದೀನಲ್ರೀ."