ನಲವತ್ತೇಳನೇ ಬಿಲ್ಲೆ

ನಂಜಪ್ಪನ ತಲೆಯ ಮೇಲಿದ್ದ ಹಳದಿ ಹೆಲ್ಮೆಟ್ ಯಾವ ಗಣಿಯನ್ನೂ ಕಂಡದ್ದಲ್ಲ. ತುಮಕೂರಿನ ಶಿರಾ ಗೇಟ್‌ನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಕೊಂಡದ್ದು. ಒಳಗೆ ಅಂಟಿಸಿದ್ದ ಅಂಗಡಿಯ ಚೀಟಿಯನ್ನು ಕೀಳುವಷ್ಟು ಶ್ರಮವನ್ನೂ ಅವನು ತೆಗೆದುಕೊಂಡಿರಲಿಲ್ಲ. ಬೆವರು ಒರೆಸಿಕೊಳ್ಳಲು ಅದನ್ನು ತೆಗೆದಾಗಲೆಲ್ಲ ಚೀಟಿ ಕಾಣುತ್ತಿತ್ತು. ಅದನ್ನೇ ಎತ್ತಿ ಹಿಡಿದು, "ಇದ್ ನನ್ ಜೀವ ಎಷ್ಟ್ ಸಲ ಉಳ್ಸೈತೆ ಗೊತ್ತಾ ಸಾರ್" ಎನ್ನುತ್ತಿದ್ದ. ಬೆಂಗಳೂರಿನಿಂದ ಬಂದವರು ಹೆಲ್ಮೆಟ್‌ನ ಫೋಟೊ ತೆಗೆದುಕೊಳ್ಳುತ್ತಿದ್ದರು.

ಪತ್ರಿಕೆಗೆ ಬರೆದಾಗ 'ನಂಜಪ್ಪನವರು' ಎಂದಿದ್ದೆ. ಇಲ್ಲಿ ಆ ಮರ್ಯಾದೆಯ ಅಗತ್ಯವಿಲ್ಲ.

ಗುಬ್ಬಿ ದಾಟಿ ಒಳಗೆ ಹೋದರೆ ಕರಿಗುಡ್ಡ ಸಿಗುತ್ತದೆ. ಮ್ಯಾಂಗನೀಸ್ ಅದಿರು ತೆಗೆಯುತ್ತಿದ್ದ ಊರು. ಗಣಿ ಮುಚ್ಚಿ ದಶಕಗಳಾದರೂ ಗುಡ್ಡದ ಮಗ್ಗುಲಿಗೆ ಮೆಟ್ಟಿಲಿನಂತೆ ಕಟ್ಟಿದ ಕೂಲಿಕಾರರ ಲೈನ್ ಮನೆಗಳು ಉಳಿದಿವೆ. ಕೆಲವರು ಅಲ್ಲೇ ವಾಸವಿದ್ದಾರೆ. ಗುಡ್ಡದ ಬುಡದಲ್ಲಿ ರೆಸಾರ್ಟ್ ಒಂದು ಬಂದ ಮೇಲೆ ಶನಿವಾರ ಸಂಜೆಗಳಲ್ಲಿ 'ಗಣಿ ನಡಿಗೆ' ಶುರುವಾಯಿತು. ಗಣಿಯಲ್ಲಿ ದುಡಿದು ಇನ್ನೂ ಬಾಯಿ ಜೋರಾಗಿದ್ದ ಮನುಷ್ಯ ನಂಜಪ್ಪನೊಬ್ಬನೇ ಆದ್ದರಿಂದ ಅವನೇ ಗೈಡ್ ಆದ. ಬಾಯಿ ಜೋರಿಲ್ಲದವರನ್ನು ಯಾರೂ ಕೇಳಲಿಲ್ಲ.

ಅವನ ಇತಿಹಾಸಜ್ಞಾನ ಬಂದವರ ಮುಖ ನೋಡಿ ಬದಲಾಗುತ್ತಿತ್ತು. ಬಿದರೆಹಳ್ಳ ಕಾವಲ್ ಕಡೆಯ ಹೆಲಿಕಾಪ್ಟರ್ ಕಾರ್ಖಾನೆ ಕುಟುಂಬಗಳು ಬಂದರೆ ಗಣಿಯ ಅದಿರು ಯುದ್ಧವಿಮಾನಕ್ಕೆ ಹೋಗುತ್ತಿತ್ತು; ಕಾಲೇಜು ಹುಡುಗಿಯರು ಬಂದರೆ ಸಾಹೇಬರ ಬಂಗಲೆಯಲ್ಲಿ ಒಂದು ಪ್ರೇಮಪ್ರಕರಣ ನಡೆದಿರುತ್ತಿತ್ತು. ನಾನು ಮೊದಲ ಸಲ ಹೋದಾಗ ಸುರಂಗದ ಉದ್ದ ಅರ್ಧ ಮೈಲಿ. ಮೂರನೆಯ ಸಲ ಹೋಗುವ ಹೊತ್ತಿಗೆ ಅದು ಎರಡು ಮೈಲಿಯಾಗಿತ್ತು. ಗಣಿ ಮುಚ್ಚಿದ ಮೇಲೆ ಅಷ್ಟು ದೂರ ಅಗೆದವನು ಅವನೊಬ್ಬನೇ.

ಒಂದು ಕಡೆ ಮಾತ್ರ ನಿಲ್ಲುತ್ತಿರಲಿಲ್ಲ. ಸುರಂಗಕ್ಕೆ ಹೋಗುವ ದಾರಿಯಲ್ಲಿ ಒಂದು ಕಲ್ಲಿನ ಕೊಠಡಿಯಿದೆ. ಅದರ ಗೋಡೆಯ ಹಲಗೆಯಲ್ಲಿ ಸಾಲುಸಾಲು ಮೊಳೆಗಳು, ಪ್ರತಿ ಮೊಳೆಯ ಕೆಳಗೊಂದು ಅಂಕಿ. ಇದೇನೆಂದು ಕೇಳಿದರೆ, "ಇಲ್ಲೇನಿಲ್ಲ ಬುಡಿ ಸಾರ್, ಹಾವ್ ಸೇರ್ಕಂಡೈತೆ, ನಡೀರಿ" ಎಂದು ಮುಂದೆ ದಬ್ಬುತ್ತಿದ್ದ.

ನಡಿಗೆ ಮುಗಿಯುತ್ತಿದ್ದದ್ದು ಸುರಂಗದ ಬಾಯಲ್ಲಿ, ಕಬ್ಬಿಣದ ಜಾಲರಿಯ ಮುಂದೆ. ಹೊತ್ತು ಮುಳುಗುವುದಕ್ಕೆ ಸರಿಯಾಗಿ ಅಲ್ಲಿಗೆ ತಲುಪಿಸುವ ಲೆಕ್ಕ ಅವನಿಗಿತ್ತು. ಟಾರ್ಚ್ ಆರಿಸಿ, ದನಿ ತಗ್ಗಿಸಿ ಹೇಳುತ್ತಿದ್ದ: "ಚಿಕ್ಕಣ್ಣ ಅಂತ ಒಬ್ಬವ್ನೆ ಒಳಗೆ. ಕುಡ್ದು ಒಳಗ್ ಹೋದ, ಕಲ್ಲು ಬಿತ್ತು, ಈಚೆ ಬರ್ಲಿಲ್ಲ. ಶನಿವಾರ ಕರದ್ರೆ ಓಗೊಡ್ತಾನೆ." ಆಮೇಲೆ ಜಾಲರಿಗೆ ಬಾಯಿಟ್ಟು, "ಚಿಕ್ಕಣ್ಣಾ, ಈಚೆ ಬಾರೋ" ಎಂದು ಕೂಗುತ್ತಿದ್ದ. ಸುರಂಗ ಕೂಗನ್ನು ಹಿಂತಿರುಗಿಸುತ್ತಿತ್ತು. ಜನ ಕಿರುಚಿ, ನಕ್ಕು, ಕೆಳಗಿಳಿದು ರೆಸಾರ್ಟ್‌ನಲ್ಲಿ ಬಜ್ಜಿ ತಿನ್ನುತ್ತಿದ್ದರು.

ಇದನ್ನೆಲ್ಲ ನಾನು ಭಾನುವಾರದ ಪುರವಣಿಗೆ ಬರೆದೆ. ದೆವ್ವದ ಭಾಗಕ್ಕೆ ಬಂದಾಗ 'ಎಂದು ಹೇಳಲಾಗುತ್ತದೆ' ಎಂದು ಸೇರಿಸಿದೆ. ಸುದ್ದಿಮನೆಯಲ್ಲಿ ಜವಾಬ್ದಾರಿ ತಪ್ಪಿಸಿಕೊಳ್ಳಲು ಇದಕ್ಕಿಂತ ಸುಲಭದ ಪದಗುಚ್ಛವಿಲ್ಲ.

ಮರುದಿನ ಕಚೇರಿಗೆ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ.

"ಪೇಪರ್ ಆಫೀಸಾ?"

"ಹೌದು, ಯಾರು ಮಾತಾಡೋದು?"

"ದೆವ್ವದ್ ಹೆಂಡ್ತಿ."

ಅವರ ಹೆಸರು ಪುಟ್ಟತಾಯಮ್ಮ. ಕರಿಗುಡ್ಡದ ಲೈನ್ ಮನೆಗಳಲ್ಲಿ ಮೇಲಿನ ಸಾಲಿನ ಕೊನೆಯದು ಅವರ ಮನೆ. ಸುರಂಗದ ಮುಂದೆ ಆಡಿದ ಮಾತು ಅವರ ಜಗಲಿಗೆ ನೆಟ್ಟಗೆ ಕೇಳಿಸುತ್ತದೆ. ನಾನು ಹೋದಾಗ ಮೊರದಲ್ಲಿ ರಾಗಿ ಕೇರುತ್ತಿದ್ದರು. ಕೂರಲು ಹೇಳಲಿಲ್ಲ.

"ನಮ್ ಯಜಮಾನ್ರು ಕುಡಿತಿದ್ರು ಅಂತ ಯಾರ್ ಹೇಳಿದ್ದು ನಿಮ್ಗೆ?"

"ನಂಜಪ್ಪನವರು."

"ಅವ್ನ ಬಿಲ್ಲೆ ಎಲ್ಲೈತೆ ಅಂತ ಕೇಳಿದ್ರಾ?"

ನಾನು ಕೇಳಿರಲಿಲ್ಲ. ಬಿಲ್ಲೆ ಎಂದರೇನೆಂದೇ ಗೊತ್ತಿರಲಿಲ್ಲ. ಅವರು ಮೊರ ಕೆಳಗಿಟ್ಟು ಹೇಳಿದರು. ಗಣಿಗಿಳಿಯುವ ಪ್ರತಿಯೊಬ್ಬನಿಗೂ ಅಂಕಿ ಹೊಡೆದ ಒಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವ ಮುಂಚೆ ಆ ಕಲ್ಲಿನ ಕೊಠಡಿಯಲ್ಲಿ ಅದನ್ನು ಮೊಳೆಗೆ ನೇತುಹಾಕಬೇಕು. ಶಿಫ್ಟ್ ಮುಗಿದಾಗ ಗುಮಾಸ್ತ ಅಂಕಿ ಕೂಗುತ್ತಾನೆ, ಕೆಲಸಗಾರ "ಬಂದೆ" ಎಂದು ಬಿಲ್ಲೆ ತೆಗೆದುಕೊಳ್ಳುತ್ತಾನೆ. ಮೊಳೆಯಲ್ಲಿ ಬಿಲ್ಲೆ ಉಳಿದರೆ ಮನುಷ್ಯ ಒಳಗಿದ್ದಾನೆ ಎಂದೇ ಅರ್ಥ.

ಇದರಲ್ಲೊಂದು ಕಳ್ಳದಾರಿಯೂ ಇತ್ತು. ಬೆಳಿಗ್ಗೆ ಬಿಲ್ಲೆ ನೇತುಹಾಕಿ, ಮಧ್ಯಾಹ್ನ ಗುಡ್ಡದ ಹಿಂದಿನಿಂದ ಜಾರಿಕೊಂಡರೆ ಪೂರ್ತಿ ಹಾಜರಿ ಸಿಗುತ್ತಿತ್ತು. ಸಂಜೆ ಜೊತೆಗಾರನೊಬ್ಬ ಗದ್ದಲದಲ್ಲಿ "ಬಂದೆ" ಎಂದು ಕೂಗಿ ಬಿಲ್ಲೆ ತೆಗೆದಿಡುತ್ತಿದ್ದ. ಚಿಕ್ಕಣ್ಣ ತೀರಿಕೊಂಡ ದಿನ ಇಪ್ಪತ್ತು ದಾಟದ ನಂಜಪ್ಪ ಹಾಗೆ ಜಾರಿಕೊಂಡು ಗುಬ್ಬಿಯಲ್ಲಿ ಮ್ಯಾಟಿನಿ ನೋಡುತ್ತ ಕೂತಿದ್ದ. ಇಲ್ಲಿ ಸುರಂಗದ ಮಾಡು ಕುಸಿಯಿತು. ಹೊತ್ತಿಗೆ ಮೊದಲೇ ಸೈರನ್ ಆಯಿತು. ಎಲ್ಲರೂ ಹೊರಗೋಡಿ ಬಂದು ತಮ್ಮ ತಮ್ಮ ಬಿಲ್ಲೆ ತೆಗೆದುಕೊಂಡರು. ನಂಜಪ್ಪನದನ್ನು ತೆಗೆಯಬೇಕಿದ್ದ ಜೊತೆಗಾರ ಗಾಬರಿಯಲ್ಲಿ ತನ್ನದನ್ನಷ್ಟೇ ತೆಗೆದುಕೊಂಡು ಓಡಿಬಿಟ್ಟಿದ್ದ. ಮೊಳೆಯಲ್ಲಿ ಒಂದೇ ಒಂದು ಉಳಿಯಿತು. ನಲವತ್ತೇಳು.

"ನಮ್ಮೋರು ಈಚೆ ಬಂದಿದ್ರು ಸಾರ್. ಬಿಲ್ಲೆ ಜೇಬಿಗ್ ಹಾಕಂಡಿದ್ರು. ನಂಜ ಒಳಗವ್ನೆ ಅಂತ ತಿರ್ಗ ಹೋದ್ರು. ಆಗ ಎರಡ್ನೇ ಸಲ ಬಿತ್ತು."

"ನಂಜಪ್ಪ?"

"ಸಂಜೆ ಬಸ್ಸಿಗ್ ಬಂದ. ಕಡ್ಲೆಕಾಯ್ ತಿನ್ಕಂಡು."

ಅವರು ಒಳಗೆ ಹೋಗಿ ಒಂದು ಬಟ್ಟೆಗಂಟು ತಂದು ಬಿಚ್ಚಿದರು. ಅರ್ಧ ಅಂಗೈಯಷ್ಟು ಅಗಲದ ಹಿತ್ತಾಳೆ ಬಿಲ್ಲೆ, ಮೇಲೆ 47. ಆ ಸಂಜೆ ಮೊಳೆಯಿಂದ ಅವರೇ ತೆಗೆದಿಟ್ಟುಕೊಂಡದ್ದು. "ಕೇಳಕ್ ಬರ್ತಾನೆ, ಬಂದಾಗ ಎರಡ್ ಮಾತು ಕೇಳನ ಅಂತ ಮಡಿಕ್ಕಂಡೆ. ಬರ್ಲಿಲ್ಲ. ಈಗ ವಾರ್ವಾರ ಬಂದು ನಮ್ಮೋರ್ನ ಕುಡುಕ ಅಂತ ಕೂಗ್ತಾನೆ. ಬೆಂಗ್ಳೂರ್ನೋರು ನಗ್ತಾರೆ. ಅವ್ನ್ ಬಾಯಲ್ಲೇ ನಿಜ ಹೇಳಿಸ್ಬೇಕು ನಾನು. ನಿಮ್ ಪೇಪರ್ ಬ್ಯಾಡ."

ಒಂದೇ ಬಾಯಿಯ ಮಾತನ್ನು ನಂಬಿ ಒಮ್ಮೆ ಕೆಟ್ಟಿದ್ದರಿಂದ ಗೂಳೂರಿಗೆ ಹೋದೆ. ಆಗಿನ ಬಿಲ್ಲೆ ಗುಮಾಸ್ತರು ಅಲ್ಲಿ ಮಗನ ಮನೆಯಲ್ಲಿದ್ದರು. ಅವರು ಹೇಳಿದ್ದೂ ಇದೇ. "ನಲವತ್ತೇಳು ಅಂತ ಮೂರ್ ಸಲ ಕೂಗ್ದೆ ಸಾರ್" ಎಂದರು.

ನಂಜಪ್ಪನನ್ನು ರೆಸಾರ್ಟ್‌ನ ಗೇಟಿನಲ್ಲಿ ಹಿಡಿದೆ. ಅವನು ಅಲ್ಲಗಳೆಯಲಿಲ್ಲ. ಬೀಡಿ ಹಚ್ಚಿದ.

"ಮ್ಯಾಟಿನಿಗ್ ಹೋಗಿದ್ದೆ ಅಂದ್ರೆ ಯಾರ್ ಸಾರ್ ಬರ್ತಾರೆ ಕೇಳಕ್ಕೆ? ದೆವ್ವ ಅಂದ್ರೆ ಬರ್ತಾರೆ."

"ಕುಡಿದಿದ್ದ ಅಂತ ಯಾಕೆ ಸೇರಿಸಿದಿರಿ?"

"ಸುಮ್ಸುಮ್ನೆ ತಿರ್ಗ ಒಳಿಕ್ ಹೋದ ಅಂದ್ರೆ ಯಾಕ್ ಹೋದ ಅಂತ ಕೇಳ್ತಾರಲ್ಲ. ಕುಡ್ದಿದ್ದ ಅಂದ್ರೆ ಯಾರೂ ಕೇಳಲ್ಲ."

ವರದಿಗಾರನಾಗಿ ಬಹಳ ಸುಳ್ಳುಗಾರರ ಮಾತು ಬರೆದುಕೊಂಡಿದ್ದೇನೆ. ತನ್ನ ಸುಳ್ಳು ಹೇಗೆ ಕೆಲಸ ಮಾಡುತ್ತದೆಂದು ಇಷ್ಟು ಚೊಕ್ಕವಾಗಿ ವಿವರಿಸಿದವನನ್ನು ಮತ್ತೆ ಕಂಡಿಲ್ಲ. ಹೊರಡುವಾಗ ಅವನು ಇನ್ನೊಂದು ಮಾತು ಹೇಳಿದ: "ಈಚೆ ಬಾರೋ ಅಂತ ಕೂಗ್ತೀನಲ್ಲ, ಅದ್ ಮಾತ್ರ ಶೋ ಅಲ್ಲ ಸಾರ್." ಅದನ್ನೂ ಬರೆದುಕೊಂಡೆ. ಅದಕ್ಕಾಗಿ ಅವನಿಗೆ ರಿಯಾಯಿತಿ ಕೊಡಬೇಕೆಂದು ಆಗ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಮುಂದಿನ ಶನಿವಾರ ಪುಟ್ಟತಾಯಮ್ಮ ತಮ್ಮ ಮನೆಯ ಮುಂದೆ ಹಾದುಹೋಗುತ್ತಿದ್ದ ಗುಂಪಿನ ಹಿಂದೆ ಸೇರಿಕೊಂಡರು. ಒಂದು ಕೈ ನನ್ನ ತೋಳಿನ ಮೇಲೆ, ಇನ್ನೊಂದು ಸೆರಗಿನೊಳಗೆ. ಇಪ್ಪತ್ತು ಜನರಿದ್ದರು. ನಂಜಪ್ಪ ಹಿಂತಿರುಗಿ ನೋಡಲಿಲ್ಲ. ಅವನಿಗೆ ಪ್ರೇಕ್ಷಕರು ಎಂದರೆ ಮುಂದಿನ ಸಾಲು. ಜಾಲರಿಯ ಮುಂದೆ ಟಾರ್ಚ್ ಆರಿಸಿ, "ಚಿಕ್ಕಣ್ಣ ಅಂತ ಒಬ್ಬವ್ನೆ ಒಳಗೆ" ಎಂದು ಶುರು ಮಾಡಿದ.

"ನಲವತ್ತೇಳು" ಎಂದರು ಪುಟ್ಟತಾಯಮ್ಮ.

ಗುಮಾಸ್ತ ಕೂಗುವ ರೀತಿಯಲ್ಲೇ, ರಾಗವಿಲ್ಲದೆ. ಅವನ ಮಾತು ನಿಂತಿತು. ಗುಂಪಿನಲ್ಲಿ ಯಾರೋ ಇದೂ ಶೋನ ಭಾಗವೆಂದುಕೊಂಡು ಮೊಬೈಲ್ ಲೈಟ್ ಹಾಕಿದರು. ಆ ಬೆಳಕಿನಲ್ಲಿ ಪುಟ್ಟತಾಯಮ್ಮನ ಕೈಯ ಬಿಲ್ಲೆ ಎಲ್ಲರಿಗೂ ಕಂಡಿತು.

"ಯಾಕತ್ಗೆ ಇಲ್ಲಿಗ್ ಬಂದ್ರಿ" ಎಂದ ನಂಜಪ್ಪ.

"ನಲವತ್ತೇಳು."

ಅವನು ಹೆಲ್ಮೆಟ್ ತೆಗೆದ. ಬೆವರು ಒರೆಸಿಕೊಳ್ಳಲಿಲ್ಲ. ಅವರು ಮೂರನೆಯ ಸಲ ಕೂಗಿದಾಗ, ಇಷ್ಟು ವರ್ಷ ಸುರಂಗಕ್ಕೆ ಕೂಗಿದ ಗಂಟಲಿನಿಂದ ಕೇಳಿಯೂ ಕೇಳಿಸದಷ್ಟು ಮೆಲ್ಲಗೆ, "ಬಂದೆ" ಎಂದ.

"ಜೋರಾಗ್ ಹೇಳ್ಲಾ. ಇವ್ರಿಗೆಲ್ಲ ಕೇಳ್ಬೇಕು. ಎಲ್ಲಿಂದ ಬಂದೆ ಅಂತಾನೂ ಹೇಳು."

ಹೇಳಿದ. ಗುಬ್ಬಿ, ಮ್ಯಾಟಿನಿ, ಮೊಳೆಯಲ್ಲಿ ಉಳಿದ ಬಿಲ್ಲೆ. "ಚಿಕ್ಕಣ್ಣ ಕುಡಿತಿರ್ಲಿಲ್ಲ. ನನ್ನ ಹುಡುಕ್ಕಂಡ್ ಹೋದ." ಒಂದು ನಿಮಿಷವೂ ಹಿಡಿಯಲಿಲ್ಲ. ಅವನು ಕೊಟ್ಟ ಅತ್ಯಂತ ಚಿಕ್ಕ ವಿವರಣೆ, ಮತ್ತು ನಾನು ಕೇಳಿದ ಒಂದೇ ಒಂದು ನಿಜವಾದ ವಿವರಣೆ.

ಪುಟ್ಟತಾಯಮ್ಮ ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟರು. ಅವನು ಕೆಲಸಗಾರ ಗುಮಾಸ್ತನನ್ನು ಕೇಳುವಂತೆ, "ನಾನಿನ್ ಹೋಗ್ಲಾ ಅತ್ಗೆ" ಎಂದು ಕೇಳಿದ.

"ಹೋಗು. ಶಿಫ್ಟ್ ಮುಗೀತು."

ಹೆಲ್ಮೆಟ್ಟನ್ನು ಜಾಲರಿಯ ಪಕ್ಕದ ಕಲ್ಲಿನ ಮೇಲೆ ಬಿಟ್ಟು ಇಳಿದುಹೋದ. ಇಪ್ಪತ್ತು ಜನರನ್ನು ನಾನು ಕೆಳಗೆ ಕರೆತರಬೇಕಾಯಿತು. ದಾರಿಯಲ್ಲಿ ಒಬ್ಬಾತ, "ಹಾಗಾದ್ರೆ ದೆವ್ವ ಇಲ್ವಾ?" ಎಂದು ಮೋಸಹೋದವನ ದನಿಯಲ್ಲಿ ಕೇಳಿದ.

ನಂಜಪ್ಪ ಆಮೇಲೆ ನಡಿಗೆಗೆ ಬರಲಿಲ್ಲ. ಕುಣಿಗಲ್‌ನಲ್ಲಿ ಮಗಳ ಮನೆ ಸೇರಿದ್ದಾನೆಂದು ಕೇಳಿದೆ. ಪತ್ರಿಕೆಯಲ್ಲಿ ನಾನು ತಿದ್ದುಪಡಿ ಹಾಕಿಸಿದೆ: ಚಿಕ್ಕಣ್ಣನವರು ಮದ್ಯ ಸೇವಿಸಿರಲಿಲ್ಲ, ಸಹೋದ್ಯೋಗಿಯನ್ನು ಹುಡುಕಲು ಹೋಗಿ ಮೃತಪಟ್ಟರು, ತಪ್ಪಿಗೆ ವಿಷಾದಿಸುತ್ತೇವೆ. ಒಳಪುಟದಲ್ಲಿ, ಜಾಹೀರಾತಿನ ಕೆಳಗೆ, ಎರಡು ಸಾಲು. ಕತ್ತರಿಸಿಕೊಂಡು ಹೋಗಿ ಪುಟ್ಟತಾಯಮ್ಮನಿಗೆ ಓದಿ ಹೇಳಿದೆ.

"ಇಷ್ಟೇನಾ?"

"ಇಷ್ಟೇ ಅಮ್ಮ."

ಅವರು ತುಂಡನ್ನು ಮಡಿಸಿ, ಬಿಲ್ಲೆ ಇದ್ದ ಬಟ್ಟೆಯಲ್ಲಿ ಕಟ್ಟಿಟ್ಟರು.

"ನಂಜನಾದ್ರೂ ಇಪ್ಪತ್ ಜನದ್ ಮುಂದೆ ನಿಂತ್ಕಂಡ್ ಹೇಳ್ದ" ಎಂದರು. "ನೀವು ದೆವ್ವಕ್ಕೆ ಅರ್ಧ ಪುಟ ಕೊಟ್ಟಿದ್ರಿ."