ಮೂರನೇ ಕ್ಲಾಸಿನ ಬೆಂಚು

ರಿಪ್ಪನ್‌ಪೇಟೆಯಲ್ಲಿ ಮರ ಕುಯ್ಯುವ ಸಾಮಿಲ್ಲು ಇಟ್ಟಿರುವ ಮಾಸ್ತಪ್ಪನವರು ೧೯೬೩ರಲ್ಲಿ ಸರ್ಕಾರಿ ಶಾಲೆಯ ಬೆಟರ್‌ಮೆಂಟ್ ಕಮಿಟಿಗೆ ಅಧ್ಯಕ್ಷರಾದರು. ಅಂದಿನಿಂದ ಯಾವ ಮರ ಉರುಳಿದರೂ ಅವರ ಕಣ್ಣಿಗೆ ಅದು ಬೆಂಚಾಗಿಯೇ ಕಾಣುತ್ತದೆ. ಕಿವಿಯ ಮೇಲೆ ಪೆನ್ಸಿಲ್ಲು, ತಲೆಯ ತುಂಬ ಮರದ ಹೊಟ್ಟು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದ ಮಗುವಿನ ಮೊಣಕಾಲಿನ ಎತ್ತರವನ್ನು ಗೇಣಿನಲ್ಲಿ ಅಳೆದುಬಿಡುತ್ತಾರೆ. "ತಂಡಿ ನೆಲದಲ್ಲಿ ಕೂತ್ರೆ ಅಕ್ಷರ ತಲೆಗೆ ಹತ್ತಲ್ಲ. ಪಾಠ ನೀವು ನೋಡ್ಕಳಿ, ಕೂರೋದು ನಂಗೆ ಬಿಡಿ," ಎಂದು ಹೆಡ್‌ಮಾಸ್ಟರ್ ಶೇಷಗಿರಿಯಪ್ಪನವರಿಗೆ ವಾರಕ್ಕೆ ಮೂರು ಸಲವಾದರೂ ಹೇಳುತ್ತಾರೆ. ಹೊಸ ಬೆಂಚು ಬಂತೆಂದರೆ ಮೊದಲು ಅವರೇ ಕೂರಬೇಕು. ಒಂದನೇ ಕ್ಲಾಸಿನ ಪುಟ್ಟ ಬೆಂಚಿನಲ್ಲಿ ಆ ಭಾರೀ ಆಸಾಮಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿ ಕೂತು ಅತ್ತಿತ್ತ ಓಲಾಡುವುದನ್ನು ಕಂಡು ಮಕ್ಕಳು ಬಾಯಿಗೆ ಸ್ಲೇಟು ಅಡ್ಡ ಹಿಡಿದು ನಗುತ್ತವೆ. ಶಾಲೆಯ ತಪಾಸಣೆಗೆ ಬಂದ ಇನ್ಸ್‌ಪೆಕ್ಟರಿಗೂ ಕುರ್ಚಿಯಿಲ್ಲ: "ಇದ್ರ ಮೇಲೆ ಕೂರಿ ಸಾರ್, ಕಿರ್ ಅನ್ನುತ್ತಾ ನೋಡಣ." ಎರಡನೇ ಕ್ಲಾಸಿನವರೆಗೆ ಈ ದರ್ಬಾರು. ಮೂರನೇ ಕ್ಲಾಸಿನ ಬಾಗಿಲಿಗೆ ಬಂದರೆ ಮಾತ್ರ ಮಾಸ್ತಪ್ಪನವರು ಚಪ್ಪಲಿ ಕಳಚಿ ಹೊರಗೇ ನಿಂತುಬಿಡುತ್ತಾರೆ. "ಇಲ್ಲಿನ ಬೆಂಚಿನ ಮೇಲೆ ನೀವೇ ಕೂತು ನೋಡಿ ಮಾಷ್ಟ್ರೇ. ನಾನು ಪಾಸಾಗಿದ್ದು ಎರಡ್ನೇ ಕ್ಲಾಸೇ; ಆಮೇಲೆ ಅಪ್ಪ ಮರ ಕುಯ್ಯಕ್ಕೆ ಕರ್ಕಂಡು ಹೋದ್ರು." ಶೇಷಗಿರಿಯಪ್ಪನವರು ಪ್ರತಿ ಸಲವೂ ಬೆಂಚಿನ ಒಂದು ತುದಿಗೆ ಸರಿದು ಕೂತು, ಮುಖದಲ್ಲಿ ನಗು ಸುಳಿಯಗೊಡದೆ ಹೇಳುತ್ತಾರೆ: "ಒಬ್ರು ಕೂತ್ರೆ ಬೆಂಚು ಗಟ್ಟಿಯೋ ಇಲ್ವೋ ಗೊತ್ತಾಗಲ್ಲ ಮಾಸ್ತಪ್ಪನವ್ರೇ. ಒಳಗೆ ಬನ್ನಿ."